ಕೆಲಸ ಮಾಡುವ ಜಾಡಿ

ಹೊಸಕೋಟೆ, 17-1-1971, ಭಾನುವಾರ

ಅಕ್ಕ ಬಂದು ಮೂರು ದಿನವಾಯಿತು. ಅವಳೊಬ್ಬಳೇ ಬಂದಿದ್ದರೆ ನಾನು ಈ ಪುಸ್ತಕ ಬಿಚ್ಚುತ್ತಿರಲಿಲ್ಲ. ಸಂಕ್ರಾಂತಿಯ ದಿನ ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡು ಕೂತಿದ್ದೆ, ಬಾಗಿಲ ಮುಂದೆ ಜಟಕಾ ನಿಂತಿತು. ಮೊದಲು ಇಳಿದದ್ದು ಒಂದು ಟ್ರಂಕು. ಆಮೇಲೆ ಹುಲ್ಲು ಸುತ್ತಿದ ಎರಡು ಪಿಂಗಾಣಿ ಜಾಡಿ, ಒಂದೊಂದೂ ಕೊಡದಷ್ಟು ದಪ್ಪ. ಅದರ ಹಿಂದೆ ಬಿದಿರು ಬುಟ್ಟಿಯಲ್ಲಿ ಕೂರಿಸಿದ ಎರಡು ಗಾಜಿನ ಜಾಡಿ. ಕಟ್ಟಕಡೆಗೆ ನಮ್ಮಕ್ಕ ಮುನಿವೆಂಕಟಮ್ಮ.

ವೈಟ್‌ಫೀಲ್ಡಿನಲ್ಲಿ ಒಬ್ಬ ಆಂಗ್ಲೋ ಇಂಡಿಯನ್ ದೊರೆಸಾನಿಯ ಮನೆಗೆ ಅಕ್ಕ ಅಡಿಗೆಗೆ ಸೇರಿದ್ದು ಅವಳ ಗಂಡ ತೀರಿಕೊಂಡ ವರ್ಷ. ನಾನಾಗ ಚಡ್ಡಿ ಹಾಕುತ್ತಿದ್ದೆ. ಈಗ ನಾನು ಡ್ರಿಲ್ ಮಾಸ್ತರ ಕೆಲಸದಿಂದ ನಿವೃತ್ತನಾಗಿ ಕೂತಿದ್ದೇನೆ, ಅಕ್ಕನ ತಲೆ ಪೂರ್ತಿ ಬೆಳ್ಳಗಾಗಿದೆ, ದೊರೆಸಾನಿ ಮನೆ ಮಾರಿ ಆಸ್ಟ್ರೇಲಿಯಾದಲ್ಲಿರುವ ಮಗಳ ಹತ್ತಿರ ಹೊರಟುಹೋದಳು. ನಲವತ್ತು ವರ್ಷ ಬೇಯಿಸಿ ಹಾಕಿದವಳಿಗೆ ಏನು ಕೊಟ್ಟಳು ಎಂದು ಕೇಳಿದೆ. ಅಕ್ಕ ಜಾಡಿಗಳನ್ನು ತೋರಿಸಿದಳು. ದೊಡ್ಡವರ ಕೃತಜ್ಞತೆ ಎಂದರೆ ಹೀಗೆ, ಖಾಲಿ ಜಾಡಿ.

ಆ ಜಾಡಿಗಳು ಈಗ ಕಿಟಕಿಯ ಕೆಳಗೆ, ನನ್ನ ಮಂಚವಿದ್ದ ಜಾಗದಲ್ಲಿ ಕೂತಿವೆ. ಅಲ್ಲಿ ತಂಪಂತೆ. ತಂಪು ಎಂದೇ ತಾನೆ ಇಷ್ಟು ವರ್ಷ ನಾನು ಅಲ್ಲಿ ಮಲಗಿದ್ದು. ಮಂಚವನ್ನು ಅಡಿಗೆಮನೆ ಬಾಗಿಲಿಗೆ ಅಡ್ಡ ಹಾಕಿದ್ದಾಯಿತು. ಮಲಗಿದರೆ ನನ್ನ ಕಾಲು ಹೊಸ್ತಿಲು ದಾಟಿ ಒಲೆಯ ಕಡೆ ಚಾಚಿಕೊಳ್ಳುತ್ತದೆ. ಬೆಳಿಗ್ಗೆ ಅಕ್ಕ ಕಾಫಿಗೆ ನೀರಿಟ್ಟರೆ ನನ್ನ ಪಾದ ಬಿಸಿಯಾಗುತ್ತದೆ. ಒಂದು ರೂಮು, ಒಂದು ಅಡಿಗೆಮನೆ, ಮುಂದೆ ಒಂದು ಜಗುಲಿ. ನನ್ನ ಹೆಂಡತಿ ಬದುಕಿದ್ದಾಗಲೂ ಈ ಮನೆ ಇಷ್ಟು ಇಕ್ಕಟ್ಟಾಗಿರಲಿಲ್ಲ. ಟೇಪು ಹಿಡಿದು ಗೋಡೆಯಿಂದ ಗೋಡೆಗೆ ಅಳೆದೆ. ಈ ಮನೆಯಲ್ಲಿ ಜಾಗವಿಲ್ಲ. ಇದು ನನ್ನ ಅಭಿಪ್ರಾಯವಲ್ಲ, ಅಳತೆ.

ಊರಿನಿಂದ ಹಾಲು ತರುವವನ ಕೈಲಿ ತಮ್ಮ ಆಂಜಿನಪ್ಪನಿಗೆ ಹೇಳಿಕಳಿಸಿದ್ದೇನೆ: ಇಲ್ಲಿ ಜಾಗ ಇಲ್ಲ, ಬಂದು ಅಕ್ಕನನ್ನು ಕರೆದುಕೊಂಡು ಹೋಗು. ಅವನಿಗೆ ಹೊಲವಿದೆ, ಅಂಗಳವಿದೆ, ಕೊಟ್ಟಿಗೆಯಿದೆ. ನಾಲ್ಕಲ್ಲ, ನಲವತ್ತು ಜಾಡಿ ಇಟ್ಟುಕೊಳ್ಳಲಿ.

20-1-1971, ಬುಧವಾರ

ಜಾಡಿ ಯಾತಕ್ಕೆ ಎಂದು ಇವತ್ತು ಗೊತ್ತಾಯಿತು. ನಾನು ಉಪ್ಪಿನಕಾಯಿಗೆ ಅಂದುಕೊಂಡಿದ್ದೆ.

"ವೈನು ಹಾಕೋಕೆ ಕಣಪ್ಪ," ಅಂದಳು ಅಕ್ಕ, ಹುಣಸೆಹಣ್ಣು ಕಿವುಚುತ್ತಾ. "ದೇವನಹಳ್ಳಿ ಕಡೆಯಿಂದ ಕರಿ ದ್ರಾಕ್ಷಿ ಬರೋ ಕಾಲ ಇದು. ವರ್ಷಾ ವರ್ಷಾ ಹಾಕ್ತಿದ್ದೆ. ಹಾಕ್ದಿದ್ರೆ ಕೈ ಸುಮ್ಕಿರಲ್ಲ."

ಯಾರ ಮನೆಯಲ್ಲಿ ಆಡುವ ಮಾತು ಇದು? ಪಾನನಿರೋಧ ಇದ್ದ ಕಾಲದಲ್ಲಿ ಗಾಂಧಿ ಜಯಂತಿಗೆ ಹೈಸ್ಕೂಲ್ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ವಿಷಲ್ ಊದಿ, ಬೀದಿ ಬೀದಿಯಲ್ಲಿ ಮೆರವಣಿಗೆ ಮಾಡಿಸಿದವನು ನಾನು. ಒಂದು ತೊಟ್ಟೂ ಮುಟ್ಟುವುದಿಲ್ಲ ಎಂದು ಅಷ್ಟು ಮಕ್ಕಳ ಎದುರಿಗೆ ಕೈ ಮುಂದೆ ಚಾಚಿ ಪ್ರತಿಜ್ಞೆ ಮಾಡಿದವನು ನಾನು. ಆಮೇಲೆ ಸರ್ಕಾರ ಪಾನನಿರೋಧವನ್ನು ತೆಗೆದುಹಾಕಿತು. ನಾನು ತೆಗೆದುಹಾಕಿಲ್ಲ.

"ಕುಡಿಯೋರು ಯಾರು ಅದನ್ನ?" ಎಂದೆ.

"ವೈಟ್‌ಫೀಲ್ಡಲ್ಲಿ ಇನ್ನೂ ಮೂರು ನಾಕು ಜನ ಮುದುಕ್ರು ಅವ್ರೆ. ಈಸ್ಟರ್ ಹಬ್ಬಕ್ಕೆ ಮುನಿ ತತ್ತಾಳೆ ಅಂತ ಕಾಯ್ತಿರ್ತಾರೆ. ಒಬ್ಬೊಬ್ರಿಗೆ ಒಂದೊಂದು ಸೀಸೆ."

"ಈ ಮನೇಲಿ ಆಗಲ್ಲ ಅಕ್ಕ."

"ಆಯ್ತು ಬಿಡು," ಅಂದಳು. ಅಲ್ಲಿಗೆ ಮಾತು ಮುಗಿಯಿತು ಎಂದು ನಾನು ನಂಬಿದೆ. ಆಂಜಿನಪ್ಪನ ಕಡೆಯಿಂದ ಸುದ್ದಿಯಿಲ್ಲ.

24-1-1971, ಭಾನುವಾರ

ಮುಗಿದಿರಲಿಲ್ಲ. ಶುಕ್ರವಾರ ನಾನು ಪಿಂಚಣಿ ವಿಚಾರಕ್ಕೆ ಹೋಗಿ ಬರುವಷ್ಟರಲ್ಲಿ ಒಂದು ಮಂಕರಿ ದ್ರಾಕ್ಷಿ ಬಂದು, ತೊಳೆದು, ಒರೆಸಿ, ತೊಟ್ಟು ಬಿಡಿಸಿ, ಕಿವುಚಿ ಜಾಡಿಗೆ ಸೇರಿಯಾಗಿತ್ತು. ಜೊತೆಗೆ ಸಕ್ಕರೆ, ಒಂದು ಹಿಡಿ ಗೋದಿ, ಚಕ್ಕೆ, ಲವಂಗ. ಮೇಲೆ ಬಿಳಿ ಬಟ್ಟೆ. ಆಯ್ತು ಬಿಡು ಎಂದರೆ ಅಕ್ಕನ ಭಾಷೆಯಲ್ಲಿ ನೀನು ಆಚೆ ಹೋಗು ಎಂದು ಅರ್ಥ.

ಎರಡು ದಿನ ಜಾಡಿ ತೆಪ್ಪಗಿತ್ತು. ಇವತ್ತು ಬೆಳಿಗ್ಗೆ ಅಕ್ಕ ಅದರ ಹೊಟ್ಟೆಗೆ ಕಿವಿಯಿಟ್ಟು ಬಹಳ ಹೊತ್ತು ಕೂತಳು.

"ಹ್ಞೂಂ," ಅಂದಳು. "ಕೆಲಸ ಮಾಡ್ತಾ ಅದೆ."

"ಏನು ಕೆಲಸ?"

"ಬಾ, ನೀನೇ ಕಿವಿ ಇಡು."

ಇಟ್ಟೆ. ಒಳಗೆ ಯಾರೋ ಸೋಡಾ ಬಾಟಲಿ ಮೆಲ್ಲಗೆ ಬಿಚ್ಚುತ್ತಿರುವ ಹಾಗೆ ಸದ್ದು. ದ್ರಾಕ್ಷಿ ಹುದುಗು ಬರುವುದಕ್ಕೆ ದೊರೆಸಾನಿ ಹೇಳುತ್ತಿದ್ದ ಮಾತಂತೆ ಅದು, 'ವರ್ಕಿಂಗ್, ಮುನಿ, ವರ್ಕಿಂಗ್' ಎಂದು. ಕಿವಿಯಿಟ್ಟು ತಾನೇ ಕೇಳದೆ ಅಕ್ಕ ಈ ಮಾತು ಹೇಳುವುದಿಲ್ಲವಂತೆ. ದೊರೆಸಾನಿಗೆ ಅವಸರವಾಗಿ, ಆಯಿತಾ ಆಯಿತಾ ಎಂದು ಪೀಡಿಸಿದರೂ, ಒಂದು ಸಲವೂ ಸುಮ್ಮಸುಮ್ಮನೆ ಹೂಂ ಅಂದವಳಲ್ಲವಂತೆ. ಕೆಲಸ ಶುರುವಾದ ಮೇಲೆ ಮೂರು ವಾರ ದಿನಕ್ಕೊಂದು ಸಲ ಮರದ ಸೌಟಿನಲ್ಲಿ ಕಲಕಬೇಕು. ಆ ಜಾಡಿಯನ್ನು ಗಾಡಿ ಮೇಲೆ ಹೇರುವ ಹಾಗಿಲ್ಲ, ಕುಲುಕಿದರೆ ಎಲ್ಲ ಹುಳಿಯಾಗಿ ಹೋಗುತ್ತದೆ.

ಬಿಸಿಲಲ್ಲಿ ನಿಂತು ಮೂವತ್ತು ವರ್ಷ ಲೆಫ್ಟ್ ರೈಟ್ ಅಂದವನಿಗೆ ಕಾಲು ಚಾಚಲು ಜಾಗವಿಲ್ಲ. ಮೂಲೆಯಲ್ಲಿ ಕೂತು ಪಿಸುಗುಟ್ಟುವುದಕ್ಕೆ ಕೆಲಸ ಎಂಬ ಹೆಸರು, ಅದಕ್ಕೆ ಕಿಟಕಿ ಪಕ್ಕದ ತಂಪು. ಆಂಜಿನಪ್ಪ ಬರುವ ತನಕ ನಾನು ಸುಮ್ಮನೆ ಸಹಿಸಿಕೊಂಡಿರುವವನಲ್ಲ. ಜಾಡಿಗಳು ಹೀಗೆ ಕಾಲು ಚಾಚಿ ಕೂರುವುದನ್ನು ನಿಲ್ಲಿಸಿ ಸಾಲಾಗಿ ನಿಲ್ಲಬೇಕು. ಒಂದು ಸ್ಟ್ಯಾಂಡು ಮಾಡುತ್ತೇನೆ. ಬಡಗಿಯನ್ನು ಕರೆದರೆ ಯಾತಕ್ಕೆ ಎಂದು ಕೇಳುತ್ತಾನೆ, ಆದ್ದರಿಂದ ನಾನೇ ಮಾಡುತ್ತೇನೆ.

27-1-1971, ಬುಧವಾರ

ನಿನ್ನೆ ಗಣರಾಜ್ಯೋತ್ಸವ. ಸ್ಕೂಲಿನವರು ಕರೆಯಲಿಲ್ಲ, ಕರೆಯದಿದ್ದರೂ ಹೋದೆ. ಹೊಸ ಡ್ರಿಲ್ ಮಾಸ್ತರ ಬಾಯಲ್ಲಿ ವಿಷಲ್ ಇತ್ತು, ಎದೆಯಲ್ಲಿ ಉಸಿರಿರಲಿಲ್ಲ. ಸಾಲು ಹಾವಿನ ಹಾಗೆ ಡೊಂಕಾಗಿತ್ತು. ಬಹುಮಾನ ಕೊಡುವಾಗ ಗೆದ್ದ ಮಕ್ಕಳನ್ನು ನಿಲ್ಲಿಸುವ ವಿಕ್ಟರಿ ಸ್ಟ್ಯಾಂಡ್ ಮಾತ್ರ ನೆಟ್ಟಗಿತ್ತು. ಅದು ನಾನು ಮಾಡಿಸಿದ್ದು. ಅದನ್ನು ನೋಡಿದಾಗಲೇ ಹೊಳೆಯಿತು.

ಇವತ್ತು ಪೂರ್ತಿ ಪೆಟ್ಟಿಗೆ ಹಲಗೆಗಳಿಗೆ ಮೊಳೆ ಹೊಡೆದೆ. ನಡುವೆ ಎತ್ತರ, ಬಲಕ್ಕೆ ಅದಕ್ಕಿಂತ ತಗ್ಗು, ಎಡಕ್ಕೆ ಇನ್ನೂ ತಗ್ಗು. ಸುಣ್ಣದಲ್ಲಿ ಒಂದು, ಎರಡು, ಮೂರು ಎಂದು ನಂಬರೂ ಬರೆದೆ. ಒಳಗೆ ತಂದು ಇಟ್ಟರೆ ರೂಮಿನಲ್ಲಿ ನಾನು ನಿಲ್ಲುವುದಕ್ಕೆ ಸ್ಥಳ ಉಳಿಯಲಿಲ್ಲ.

ಅಕ್ಕ ಬಾಗಿಲಲ್ಲೇ ನಿಂತು ನೋಡಿದಳು. "ಇದೇನಪ್ಪ, ಜಾಡಿಗೆ ಪ್ರೈಜು ಕೊಡ್ತಾರಾ?"

ನಾನು ಸುಣ್ಣದ ಕೈ ಪಂಚೆಗೆ ಒರೆಸಿಕೊಂಡೆ.

"ಜಾಗ ಮಿಗ್ಸೋಕೆ ಅಂತ ಮಾಡ್ದೆ, ಇದು ಇರೋ ಜಾಗಾನೂ ನುಂಗ್ತಲ್ಲೋ," ಎಂದು ಸೆರಗು ಬಾಯಿಗೆ ಅಡ್ಡ ಹಿಡಿದಳು. ನಗುತ್ತಿದ್ದಳು. ಮೀಟರುಗಟ್ಟಲೆ ಹಲಗೆ ಹಾಳಾದದ್ದು ನಗುವ ವಿಷಯವಲ್ಲ.

30-1-1971, ಶನಿವಾರ

ಒಂದರ ಮೇಲೊಂದು ಇಡಬೇಕು. ಪಕ್ಕಕ್ಕೆ ಹರಡಿದರೆ ಜಾಗ ತಿನ್ನುತ್ತದೆ, ಎತ್ತರಕ್ಕೆ ಯಾರ ಅಪ್ಪಣೆ ಬೇಕು. ಮಕ್ಕಳ ಪಿರಮಿಡ್ ಕಟ್ಟಿಸುತ್ತಿದ್ದ ಹಾಗೆ: ದಪ್ಪ ಹುಡುಗರು ಕೆಳಗೆ, ತೆಳ್ಳಗಿರುವವನು ನೆತ್ತಿಯ ಮೇಲೆ. ತುಂಬಿದ ಜಾಡಿ ನೆಲಕ್ಕೆ, ಖಾಲಿ ಗಾಜಿನವು ಮೇಲಕ್ಕೆ. ಚಿತ್ರ ಬರೆದು ಅಕ್ಕನಿಗೆ ತೋರಿಸಿದೆ.

"ತಲೆಕೆಳಗು ಮಾಡು," ಅಂದಳು. ಕೆಲಸ ಮಾಡುವ ಜಾಡಿ ಮೇಲಿರಬೇಕಂತೆ. ಮೂರು ವಾರವಾದ ಮೇಲೆ ರಬ್ಬರ್ ಪೈಪಿನಲ್ಲಿ ರಸ ತಾನಾಗಿ ನಡುವಿನ ಜಾಡಿಗೆ ಇಳಿಯಬೇಕು. ಅಲ್ಲಿ ಗಷ್ಟು ತಳಕ್ಕೆ ಕೂತ ಮೇಲೆ ಅಲ್ಲಿಂದ ಕೆಳಗಿನ ಗಾಜಿನ ಜಾಡಿಗೆ. ಎತ್ತಿ ಬಗ್ಗಿಸಿದರೆ ಕದಡುತ್ತದೆ.

ಭಾರದವನು ನೆತ್ತಿಯ ಮೇಲೆ ನಿಂತರೆ ಪಿರಮಿಡ್ ಉಳಿಯುವುದು ಹೇಗೆ ಎಂದು ಕೂಗಾಡಿದೆ. ನನ್ನ ಕಸುಬಿನಲ್ಲಿ ನನಗೇ ಪಾಠ. ಕೊನೆಗೆ ಅಕ್ಕ ಮೆತ್ತಗೆ ಹೇಳಿದಳು, "ಎತ್ತಿ ಬಗ್ಗಿಸ್ಬೋದು ಕಣೋ. ಮುಂಚೆ ಹಂಗೇ ಮಾಡ್ತಿದ್ದೆ. ಈಗ ಈ ಭುಜ ಮೇಲಕ್ಕೆ ಬರಲ್ಲ." ಎರಡು ವಾರದಿಂದ ಒಂದೇ ಮನೆಯಲ್ಲಿದ್ದಾಳೆ, ಈಗ ಹೇಳುತ್ತಾಳೆ. ಮೊದಲೇ ಹೇಳಿದ್ದರೆ ನಾನು ಚಿತ್ರ ಬರೆಯುವ ಶ್ರಮ ತಪ್ಪುತ್ತಿತ್ತು.

ಪೆಟ್ಟಿಗೆ ಹಲಗೆ ಆ ಭಾರ ತಡೆಯಲಿಲ್ಲ. ನೀರು ತುಂಬಿದ ಕೊಡ ಇಟ್ಟು ನೋಡಿದೆ, ಲಟಕ್ಕೆಂದಿತು. ಗಟ್ಟಿ ಮರ ಬೇಕು.

2-2-1971, ಮಂಗಳವಾರ

ಮಂಚ ಬಿಚ್ಚಿದೆ. ಮುಪ್ಪಿನಲ್ಲಿ ಬೆನ್ನಿಗೆ ನೆಲವೇ ಒಳ್ಳೆಯದು. ನಾನೇ ಎಷ್ಟೋ ಮಕ್ಕಳಿಗೆ ಹೇಳಿದ್ದೇನೆ.

ಮಂಚದ ಎರಡು ಉದ್ದ ಪಟ್ಟಿಗಳು ಮುಂದಿನ ಕಂಬಗಳಾದವು, ಹಿಂಬದಿ ಗೋಡೆಗೆ ಸೇರಿತು. ಕಾಲುಗಳನ್ನು ಕುಯ್ದು ಮೂರು ಅಂತಸ್ತಿನ ಹಲಗೆಗಳಿಗೆ ಆಸರೆ ಕೊಟ್ಟೆ. ನವಾರವನ್ನು ಬಿಸಾಡಲಿಲ್ಲ, ಜಾಡಿಗಳ ನಡುವಿಗೆ ಸುತ್ತಿ ಕಂಬಕ್ಕೆ ಕಟ್ಟಿದೆ, ಬೆಲ್ಟು ಹಾಕಿದ ಸ್ಕೌಟುಗಳ ಹಾಗೆ ನೆಟ್ಟಗೆ ನಿಂತಿವೆ. ಕೆಲಸ ಮಾಡುತ್ತಿದ್ದ ಜಾಡಿಯನ್ನು ಇಬ್ಬರೂ ಸೇರಿ, ನಿದ್ದೆ ಹೋದ ಮಗುವನ್ನು ಎತ್ತುವ ಹಾಗೆ ಎತ್ತಿ ಮೇಲಿಟ್ಟೆವು. ಅದು ಸದ್ದು ನಿಲ್ಲಿಸಲಿಲ್ಲ. ಇನ್ನು ದಿನಾ ಸ್ಟೂಲು ಹತ್ತಿ ಕಲಕುವ ಕೆಲಸ ನನ್ನದೇ. ಇಡೀ ಸ್ಟ್ಯಾಂಡು ಒಂದು ಬೀರುವಿನ ಅರ್ಧ ಜಾಗದಲ್ಲಿ ನಿಂತಿದೆ. ಹೊಸಕೋಟೆಯಲ್ಲಿ ಇಂಥದ್ದು ಇನ್ನೊಂದು ಮನೆಯಲ್ಲಿ ಇದ್ದರೆ ತೋರಿಸಲಿ.

ಆಂಜಿನಪ್ಪ ಎಲ್ಲಿ ಸತ್ತಿದ್ದಾನೋ. ಹೇಳಿಕಳಿಸಿ ಇಷ್ಟು ದಿನವಾಯಿತು.

6-2-1971, ಶನಿವಾರ

ಪಕ್ಕದ ಮನೆಯ ಪಾಪಮ್ಮನಿಗೆ ಮೂಗು ಜಾಸ್ತಿ. ನಿನ್ನೆ ಗೋಡೆಯಾಚೆಯಿಂದ, "ಮೇಷ್ಟ್ರೇ, ಅದೇನೋ ಹುಳಿ ಹುಳಿ ವಾಸನೆ ಬತ್ತೈತೆ" ಅಂದಳು. ಕಷಾಯ ಎಂದೆ. ಜೀವಮಾನದಲ್ಲಿ ಸುಳ್ಳು ಹೇಳದವನ ಬಾಯಲ್ಲಿ ಸುಳ್ಳು ಹೇಳಿಸಿತು ಈ ಜಾಡಿ. ವಾಸನೆಯೇ ಬರಬಾರದು ಎಂದು, ಅಕ್ಕ ಕೊಳಾಯಿಗೆ ಹೋದಾಗ, ಅವಳ ತೆಳು ಬಟ್ಟೆ ತೆಗೆದು ಜಾಡಿಯ ಬಾಯಿಗೆ ಮುಚ್ಚಳ ಒತ್ತಿ, ಮೇಲೆ ರಬ್ಬರ್ ಹಾಳೆ ಹಾಕಿ, ಬಿಗಿಯಾಗಿ ಕಟ್ಟಿದೆ.

ಇವತ್ತು ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಢಂ ಎಂದಿತು. ಮುಚ್ಚಳ ಸೂರಿಗೆ ಬಡಿದು ನನ್ನ ತಟ್ಟೆಯ ಪಕ್ಕ ಬಿತ್ತು. ಗೋಡೆಯ ಮೇಲೆ ನೇತುಹಾಕಿದ್ದ ನನ್ನ ಬಿಳಿ ಯೂನಿಫಾರ್ಮು, ನಿವೃತ್ತಿಯ ದಿನ ಒಗೆಸಿ ಇಸ್ತ್ರಿ ಮಾಡಿಸಿ ಇಟ್ಟದ್ದು, ನೇರಳೆ ಬಣ್ಣಕ್ಕೆ ತಿರುಗಿತು.

ಅಕ್ಕ ಬೈಯುತ್ತಾಳೆ ಎಂದುಕೊಂಡೆ. ಅವಳು ನೆಲ ಒರೆಸಿ, ಜಾಡಿಗೆ ಮತ್ತೆ ತೆಳು ಬಟ್ಟೆ ಹಾಕಿದಳು. "ಕಣದಲ್ಲಿ ಎತ್ತು ಹುಲ್ಲು ತಿನ್ನುತ್ತೆ ಅಂತ ಬಾಯಿಗೆ ಕುಕ್ಕೆ ಕಟ್ತಾರಲ್ಲ," ಅಂದಳು, "ಅದು ಎತ್ತು, ತಡ್ಕಳ್ತದೆ. ಇದಕ್ಕೆ ಕಟ್ಬಾರ್ದು ಕಣಪ್ಪ. ಕೆಲಸ ಮಾಡೋದರ ಬಾಯಿ ಕಟ್ಬಾರ್ದು."

ಮುಂಚೆಯೇ ಹೇಳಬಾರದಿತ್ತೇ. ಸದ್ದು ಕೇಳಿ ಪಾಪಮ್ಮ ಓಡಿಬಂದಳು. ಕಷಾಯ ಉಕ್ಕಿತು ಎಂದೆವು, ಇಬ್ಬರೂ ಒಟ್ಟಿಗೆ. ಅವಳು ಕೆಮ್ಮಿಗೆ ಒಂದು ಲೋಟ ಕೊಡಿ ಅಂದಳು.

10-2-1971, ಬುಧವಾರ

ಆಂಜಿನಪ್ಪ ಕೊನೆಗೂ ಬಂದ, ಒಂದು ಚೊಂಬು ಗಿಣ್ಣುಹಾಲು ಹಿಡಿದುಕೊಂಡು. "ಎಮ್ಮೆ ಇವತ್ತೋ ನಾಳೆಯೋ ಅಂತಿತ್ತಣ್ಣ, ಮೊನ್ನೆ ಈಯ್ತು," ಅಂದ. ಅಕ್ಕ ಅವನಿಗೆ ಮುದ್ದೆ ಹಾಕಿದಳು. ತಿಂದು ಕೈತೊಳೆದು ವಿಷಯಕ್ಕೆ ಬಂದ.

"ನೀನು ಹೇಳ್ಕಳ್ಸಿದ್ದು ಒಳ್ಳೇದೇ ಆಯ್ತು ಬಿಡಣ್ಣ. ನಮ್ಮೋಳಿಗೆ ಸೊಂಟ ಹಿಡ್ಕಂಡೈತೆ. ಸಗಣಿ ಬಾಚೋಕೆ, ಎಮ್ಮೆ ಮೈ ತೊಳ್ಯೋಕೆ ಜನ ಇಲ್ಲ. ಅಕ್ಕ ಬಂದ್ರೆ ಒಂದು ಕೈ ಆಯ್ತದೆ." ಆಮೇಲೆ ಅಕ್ಕನ ತೋಳು ಹಿಡಿದು ಅದುಮಿ ನೋಡಿದ. "ಬಲ ಐತೇನಕ್ಕ ಇನ್ನೂವೆ?"

ದನದ ಪರಿಷೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವವರನ್ನು ನೋಡಿದ್ದೇನೆ. ಅವರೂ ಇದಕ್ಕಿಂತ ಮರ್ಯಾದೆಯಿಂದ ಹಿಡಿಯುತ್ತಾರೆ. ಅವನು ಹಿಡಿದದ್ದು ನೋವಿನ ಭುಜವನ್ನೇ. ಅಕ್ಕ ಮುಖ ಸಿಂಡರಿಸಲಿಲ್ಲ. "ಐತೆ ಕಣಪ್ಪ," ಅಂದಳು. ನನಗೆ ಮೈ ಉರಿಯಿತು. ಭುಜ ಬರುವುದಿಲ್ಲ ಎಂದು ನನ್ನ ಹತ್ತಿರ ಹೇಳುತ್ತಾಳೆ, ಹೇಳಬೇಕಾದವನ ಹತ್ತಿರ ಬಲ ಇದೆ ಅನ್ನುತ್ತಾಳೆ.

"ಈಗ್ಲೇ ಹೊರಡಾಣ?" ಎಂದ ಅವನು.

"ಜಾಡಿ ಕೆಲಸ ಮಾಡ್ತಾ ಅದೆ," ಅಂದಳು ಅಕ್ಕ. "ಅಲುಗ್ಸೋ ಹಂಗಿಲ್ಲ, ಬಿಟ್ಟು ಬರೋ ಹಂಗಿಲ್ಲ. ಅದೊಂದು ಮುಗೀಲಿ, ಎಲ್ಲಿಗಾದ್ರೂ ಬತ್ತೀನಿ. ನಂಗೇನು, ಒಂದು ಮೂಲೆ ಸಾಕು."

ಆಂಜಿನಪ್ಪ ಬೆರಳು ಮಡಿಸಿ ಲೆಕ್ಕ ಹಾಕಿದ. "ಹಂಗಾದ್ರೆ ಯುಗಾದಿ ಆಗ್ಲಿ. ವರ್ಷತೊಡಕಿನ ದಿನ ಗಾಡಿ ಕಟ್ಕಂಡು ಬತ್ತೀನಿ. ಅವತ್ತು ಮಾಡಿದ್ದೇ ವರ್ಷೆಲ್ಲಾ ಅಂತಾರೆ. ಅವತ್ತು ಅಕ್ಕ ನಮ್ಮನೇಲಿ ಇದ್ರೆ ವರ್ಷೆಲ್ಲಾ ಇರ್ತಾಳೆ." ಯುಗಾದಿಯ ಮಾರನೆಯ ದಿನ ಕೈ ಹಚ್ಚಿದ ಕೆಲಸ ವರ್ಷ ಪೂರ್ತಿ ಬಿಡುವುದಿಲ್ಲ ಎಂದು ನಮ್ಮ ಕಡೆ ನಂಬುತ್ತಾರೆ. ನಾನು ನಂಬುವುದಿಲ್ಲ.

"ಅಷ್ಟೊಂದು ಅವಸರ ಏನು?" ಎಂದೆ.

"ಜಾಗ ಇಲ್ಲ ಅಂದೋನು ನೀನೇ ಅಲ್ವೇನಣ್ಣ?"

ಹೌದು, ನಾನೇ. ಒಪ್ಪಿಗೆಯಾಯಿತು. ಅಂದುಕೊಂಡಿದ್ದು ಅಂದುಕೊಂಡ ಹಾಗೆ ನಡೆಯಿತು. ಸಂಜೆ ನನಗೆ ಊಟ ಸೇರಲಿಲ್ಲ. ಆಂಜಿನಪ್ಪ ತಂದ ಗಿಣ್ಣು ಕೆಟ್ಟಿತ್ತೆಂದು ಕಾಣುತ್ತದೆ. ಅಕ್ಕ ಮಾತ್ರ ಚೆನ್ನಾಗಿದೆ ಎಂದು ತಿಂದಳು.

14-2-1971, ಭಾನುವಾರ

ಮೇಲಿನಿಂದ ನಡುವಿಗೆ ರಸ ಇಳಿಸುವ ದಿನ. ರಬ್ಬರ್ ಪೈಪಿನ ಒಂದು ತುದಿ ಮೇಲಿನ ಜಾಡಿಯಲ್ಲಿ. ಇನ್ನೊಂದು ತುದಿಯನ್ನು ಬಾಯಲ್ಲಿಟ್ಟು ಒಂದು ಸಲ ಎಳೆದರೆ ಆಮೇಲೆ ಅದು ತಾನೇ ಹರಿಯುತ್ತದೆ.

"ಎಳಿ," ಅಂದಳು ಅಕ್ಕ.

"ನಾನು?"

"ದೊರೆಸಾನಿ ಎಳೀತಿದ್ರು. ನಂಗೆ ಹಲ್ಲಿಲ್ಲ, ಉಸಿರು ನಿಲ್ಲಲ್ಲ."

ಪ್ರತಿಜ್ಞೆ ಮಾಡಿದ್ದು ಕುಡಿಯುವುದಿಲ್ಲ ಎಂದು, ಎಳೆಯುವುದಿಲ್ಲ ಎಂದಲ್ಲ. ಎಳೆದೆ. ಡ್ರಿಲ್ ಮಾಸ್ತರ ಎದೆ, ಸ್ವಲ್ಪ ಜೋರಾಯಿತು. ಬಾಯಿ ತುಂಬ ಬಂತು. ಅರ್ಧ ಉಗಿದೆ. ಉಳಿದರ್ಧ ನನ್ನನ್ನು ಕೇಳದೆ ಒಳಗೆ ಹೋಯಿತು. ಇದಕ್ಕೆ ಯಾರು ಹೊಣೆ? ಮೊದಲು ಹುಳಿ, ಅದರ ಹಿಂದೆ ಸಣ್ಣ ಒಗರು, ಕೊನೆಯಲ್ಲಿ ಲವಂಗ. ಚಕ್ಕೆ ಸ್ವಲ್ಪ ಹೆಚ್ಚಾಗಿದೆ. ಹೇಳಿದರೆ ಅಕ್ಕ ಒಪ್ಪಲಿಲ್ಲ. ಬಹಳ ಹೊತ್ತು ವಾದ ಮಾಡಿದೆವು.

ಸ್ಟ್ಯಾಂಡು ಮಾತ್ರ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಅಕ್ಕ ಕೈ ಎತ್ತಬೇಕಾಗಿ ಬರಲಿಲ್ಲ.

4-3-1971, ಗುರುವಾರ

ಎಲೆಕ್ಷನ್ ಜೀಪುಗಳ ಕಾಟ. ಮನೆ ಮುಂದೆಯೇ ನಿಲ್ಲಿಸಿ ಮೈಕಿನಲ್ಲಿ ಅರಚುತ್ತಾರೆ, ಕಿಟಕಿ ಗದಗದ ಅನ್ನುತ್ತದೆ. ನಡುವಿನ ಜಾಡಿ ಈಗ ನಿದ್ದೆಯಲ್ಲಿದೆ, ಗಷ್ಟು ಕೂರುವ ಸಮಯ, ಅದುರಿದರೆ ಮತ್ತೆ ಏಳುತ್ತದೆ. ಬೀದಿಗೆ ಹೋಗಿ ಜೀಪಿಗೆ ಅಡ್ಡ ನಿಂತೆ. ಮನೆಯಲ್ಲಿ ಮಲಗಿದ್ದಾರೆ, ಮುಂದಕ್ಕೆ ಹೋಗಿ ಎಂದೆ.

"ಯಾರು ಗುರುಗಳೇ, ಹುಷಾರಿಲ್ವಾ?" ಎಂದ ಡ್ರೈವರು, ನನ್ನ ಹಳೆಯ ಶಿಷ್ಯ.

ಹೌದು ಎಂದೆ. ಮೈಕು ಆರಿಸಿಕೊಂಡು ಹೋದರು. ಪ್ರಜಾಪ್ರಭುತ್ವದಲ್ಲಿ ಸುಳ್ಳು ಹೇಳದೆ ಒಂದು ಗಳಿಗೆ ಶಾಂತಿ ಸಿಗುವುದಿಲ್ಲ.

21-3-1971, ಭಾನುವಾರ

ನಡುವಿನ ಜಾಡಿಯಿಂದ ಗಾಜಿನ ಜಾಡಿಗಳಿಗೆ ಇಳಿಸಿದೆವು. ಈ ಸಲ ಎಳೆದಾಗ ಉಗಿಯಲಿಲ್ಲ, ಉಗಿದರೆ ನೆಲ ಕೊಳೆ. ಬೆಳಕಿಗೆ ಹಿಡಿದರೆ ಮಾಣಿಕದ ಹರಳಿನ ಹಾಗಿದೆ. ಅಕ್ಕ ಸೀಸೆಗಳಿಗೆ ತುಂಬಿ, ವೈಟ್‌ಫೀಲ್ಡಿನ ಮುದುಕರಿಗೆ ತಲುಪಿಸಲು ನನ್ನ ಕೈಗೆ ಒಪ್ಪಿಸಿದಳು. ಈಸ್ಟರ್ ಹೊತ್ತಿಗೆ ತಾನು ಇಲ್ಲಿರುವುದಿಲ್ಲವಲ್ಲ ಅಂದಳು. ಒಂದನ್ನು ಪಾಪಮ್ಮನ ಕೆಮ್ಮಿಗೆ.

ಆಮೇಲೆ ಪಿಂಗಾಣಿ ಜಾಡಿಗಳನ್ನು ತೊಳೆದು ಬಿಸಿಲಿಗಿಟ್ಟು ಹುಲ್ಲು ಸುತ್ತಲು ಕೂತಳು. ಹುರಿ ಎಳೆಯುವಾಗ ಎಡಗೈಯಿಂದ ಬಲಗೈಯನ್ನು ಎತ್ತಿಕೊಳ್ಳುತ್ತಿದ್ದಳು. ತಲೆ ಬಾಚಿಕೊಳ್ಳುವಾಗಲೂ ಹಾಗೆಯೇ ಮಾಡುವುದನ್ನು ನೋಡಿದ್ದೇನೆ. ಆ ಕೈಯಲ್ಲಿ ಎರಡು ಎಮ್ಮೆಗಳ ಮೈ ತೊಳೆಯಬೇಕಂತೆ. ಆಂಜಿನಪ್ಪನಿಗೆ ಸಗಣಿ ಬಾಚಲು ಏನಾಗಿದೆ ರೋಗ?

"ನಾನು ಹೋದ್ಮೇಲೆ ಈ ಸ್ಟ್ಯಾಂಡ್ ಮೇಲೆ ನಿನ್ನ ಬಟ್ಟೆ ಬರೆ ಮಡಗ್ಕೋ ವೆಂಕ್ಟಾ," ಅಂದಳು. "ಒಳ್ಳೇ ಅನುಕೂಲ ಆಯ್ತದೆ."

ಬಟ್ಟೆ ಇಡುವುದಕ್ಕೆ ಮಾಡಿದ್ದಲ್ಲ ಎಂದೆ. ಜೋರಾಗಿಯೇ ಹೇಳಿದೆ. ಅಷ್ಟು ಕಷ್ಟಪಟ್ಟು ಅಂತಸ್ತು ಲೆಕ್ಕ ಹಾಕಿ ಮಾಡಿದ್ದನ್ನು ಬಟ್ಟೆ ಗೂಟಕ್ಕೆ ಹೋಲಿಸಿದರೆ ಯಾರಿಗಾದರೂ ಸಿಟ್ಟು ಬರುತ್ತದೆ.

27-3-1971, ಶನಿವಾರ, ಯುಗಾದಿ

ಹೋದ ಸಂವತ್ಸರದ ಹೆಸರು ಸಾಧಾರಣ. ಇವತ್ತು ಹುಟ್ಟಿದ್ದು ವಿರೋಧಿಕೃತು. ಹೆಸರಿನಲ್ಲೇ ಕಾಣುತ್ತದೆ ಮುಂದಿನ ವರ್ಷ ಹೇಗಿರುತ್ತದೆಂದು. ಬೇವುಬೆಲ್ಲದಲ್ಲಿ ಅಕ್ಕ ಬೆಲ್ಲ ಹೆಚ್ಚು ಹಾಕಿದಳು, ಅದೂ ಸರಿಯಲ್ಲ.

ಒಬ್ಬಟ್ಟು ತಿಂದು ಅಕ್ಕ ಟ್ರಂಕಿಗೆ ಸೀರೆ ಮಡಿಸಿಡುತ್ತಿದ್ದಾಗ ನಾನು ಟೇಪು ತೆಗೆದು ಮತ್ತೆ ಗೋಡೆಯಿಂದ ಗೋಡೆಗೆ ಅಳೆದೆ. ಅಕ್ಕನ ಚಾಪೆ, ನನ್ನ ಚಾಪೆ, ನಡುವೆ ಓಡಾಡಲು ದಾರಿ, ಕಿಟಕಿ ಪಕ್ಕ ಸ್ಟ್ಯಾಂಡು. ಹೋದ ಸಲ ಅಳತೆಯಲ್ಲಿ ಏನೋ ತಪ್ಪಾಗಿತ್ತು. ಟೇಪು ಹಳೆಯದು.

28-3-1971, ಭಾನುವಾರ, ವರ್ಷತೊಡಕು

ಬೆಳಿಗ್ಗೆ ಬಾಡು ತರಲು ಹೋದೆ. ಊರಿಗೆ ಊರೇ ಮಾಂಸದಂಗಡಿ ಮುಂದೆ ನೆರೆದಿತ್ತು, ಸಾಲು ಎನ್ನುವ ಮಾತೇ ಇಲ್ಲ, ಒಬ್ಬರ ಮೇಲೊಬ್ಬರು. ಈ ಜನಕ್ಕೆ ಇಷ್ಟು ವರ್ಷ ಡ್ರಿಲ್ ಹೇಳಿಕೊಟ್ಟಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ರೇಗಿ ಹೊರಗೆ ಬಂದೆ. ಬಸ್‌ಸ್ಟ್ಯಾಂಡಿನ ಹತ್ತಿರ ದ್ರಾಕ್ಷಿ ಮಾರುವ ಹೆಂಗಸೊಬ್ಬಳು ಮಾತ್ರ ಗಿರಾಕಿಯಿಲ್ಲದೆ ಕೂತಿದ್ದಳು.

"ಬಾಡಿನ ದಿನ ದ್ರಾಕ್ಷಿನಾ ಮೇಷ್ಟ್ರೇ?" ಎಂದು ಕೇಳಿದಳು. ಮಂಕರಿ ಸಮೇತ ತೆಗೆದುಕೊಂಡೆ.

ಮನೆಗೆ ಬಂದಾಗ ಅಕ್ಕ ಇರಲಿಲ್ಲ, ಹೇಳಿಬರಲು ಪಾಪಮ್ಮನ ಮನೆಗೆ ಹೋಗಿದ್ದಳು. ಒಂದು ಜಾಡಿಯ ಹುಲ್ಲು ಬಿಚ್ಚಿ ಮೇಲಿನ ಅಂತಸ್ತಿಗೆ ಏರಿಸಿದೆ, ನವಾರ ಬಿಗಿದೆ, ಸ್ಟೂಲಿನ ಮೇಲೆ ನಿಂತು ಹಿಡಿ ಹಿಡಿಯಾಗಿ ಹಣ್ಣು ಕಿವುಚಿ ಹಾಕಿದೆ. ಮೇಲಿನ ಹಲಗೆಯನ್ನು ಖಾಲಿ ಬಿಟ್ಟರೆ ಬೇಸಿಗೆಗೆ ಮರ ಬಾಗುತ್ತದೆ. ತೆಳು ಬಟ್ಟೆ ಹಾಕಿ ಇಳಿಯುವುದಕ್ಕೂ ಗಾಡಿ ಬಂದು ನಿಲ್ಲುವುದಕ್ಕೂ ಸರಿಹೋಯಿತು.

"ಹೊರಡಾಣ್ವಾ? ಬಿಸಿಲೇರಕ್ಕೆ ಮುಂಚೆ ಊರು ಸೇರ್ಬೇಕು," ಎನ್ನುತ್ತಾ ಆಂಜಿನಪ್ಪ ಒಳಗೆ ಬಂದ. ಅವನ ಹಿಂದೆಯೇ ಅಕ್ಕ.

ನಾನು ಸ್ಟ್ಯಾಂಡಿನ ಮುಂದೆ ನಿಂತೆ. "ಅಕ್ಕ ಬರೋ ಹಾಗಿಲ್ಲ. ಜಾಡಿ ಕೆಲಸ ಮಾಡ್ತಾ ಇದೆ."

"ಅದು ಮುಗೀತು ಅಂತ ಹಾಲಿನೋನು ಹೇಳಿದ್ನಲ್ಲಣ್ಣ?"

"ಇದು ಬೇರೆ."

ಆಂಜಿನಪ್ಪ ನನ್ನ ಕೈ ನೋಡಿದ. ಮೊಣಕೈ ತನಕ ನೇರಳೆ. "ನೀನಾ? ಪ್ರತಿಜ್ಞೆ ಮಾಡ್ಸೋನು?"

"ಸ್ಟ್ಯಾಂಡ್ ಖಾಲಿ ಬಿಡಬಾರದು. ಮರ ಬಾಗುತ್ತೆ. ನಿನಗೆ ಗೊತ್ತಾಗಲ್ಲ."

"ಜಾಗ ಇಲ್ಲ ಅಂತಿದ್ದೆ."

"ಅಳೆದಿದ್ದೀನಿ. ಇದೆ."

ಅವನು ನನ್ನನ್ನು ಬಿಟ್ಟು ಅಕ್ಕನ ಕಡೆ ತಿರುಗಿದ. ನಮ್ಮ ಮನೆಯಲ್ಲಿ ಅಕ್ಕನ ಮಾತಿಗೆ ಎರಡಿಲ್ಲ ಎಂದು ಅವನಿಗೂ ಗೊತ್ತು. "ನೀನೇ ಹೇಳಕ್ಕ. ಅದು ಕೆಲಸ ಮಾಡ್ತಾ ಐತಾ?"

ಅಕ್ಕ ಜಾಡಿ ನೋಡಿದಳು, ನನ್ನ ಕೈ ನೋಡಿದಳು, ಖಾಲಿ ಮಂಕರಿ ನೋಡಿದಳು. ಸ್ಟೂಲು ಎಳೆದುಕೊಂಡು ಹತ್ತಿದಳು, ನಾನು ಸ್ಟೂಲು ಹಿಡಿದುಕೊಂಡೆ. ಜಾಡಿಯ ಹೊಟ್ಟೆಗೆ ಕಿವಿಯಿಟ್ಟಳು. ಒಳಗಿದ್ದದ್ದು ಆಗತಾನೆ ಕಿವುಚಿದ ಹಣ್ಣು, ಸಕ್ಕರೆ ಹಾಕಿಲ್ಲ, ಗೋದಿ ಹಾಕಿಲ್ಲ, ಸದ್ದು ಬರಬೇಕಾದರೆ ಇನ್ನೂ ಎರಡು ದಿನ ಬೇಕು. ಅದು ನನಗೆ ಗೊತ್ತಿತ್ತು, ನನಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು. ಬಹಳ ಹೊತ್ತು ಕಿವಿಯಿಟ್ಟೇ ಇದ್ದಳು. ಅವಳ ಕಣ್ಣು ಮುಚ್ಚಿತ್ತು.

"ಹ್ಞೂಂ," ಅಂದಳು. "ಕೆಲಸ ಮಾಡ್ತಾ ಅದೆ ಕಣಪ್ಪ ಆಂಜಿನಪ್ಪ. ಬಿಟ್ಟು ಬರೋ ಹಂಗಿಲ್ಲ."

ಆಂಜಿನಪ್ಪ ಗೊಣಗಿಕೊಂಡು ಗಾಡಿ ತಿರುಗಿಸಿದ. ಎಮ್ಮೆ ತೊಳೆಯಲು ಆಳು ಇಟ್ಟುಕೋ ಎಂದು ಬೀದಿ ತನಕ ಹೋಗಿ ಹೇಳಿ ಬಂದೆ.

ಅವನು ಹೋದ ಮೇಲೆ ಅಕ್ಕ ಟ್ರಂಕು ಬಿಚ್ಚಿ ಸೀರೆಗಳನ್ನು ಗೂಟಕ್ಕೆ ಹಾಕಿದಳು. ಆಮೇಲೆ ಜಾಡಿ ಕೆಳಗಿಳಿಸಲು ಹೇಳಿ, ಕೈ ಹಾಕಿ, ತೊಟ್ಟುಗಳನ್ನು ಆರಿಸಿ ಆರಿಸಿ ತೆಗೆದಳು. "ತೊಟ್ಟು ಬಿಡಿಸ್ಬೇಕು ಅಂತ ಗೊತ್ತಾಗ್ಲಿಲ್ವೇನೋ ವೆಂಕ್ಟಾ, ಕಹಿ ಬತ್ತದೆ," ಅಂದಳು. ಬೆಳಿಗ್ಗೆಯಿಂದ ಅಷ್ಟು ಒದ್ದಾಡಿದವನಿಗೆ ಸಿಕ್ಕ ಬಹುಮಾನ ಇಷ್ಟು. ಸಕ್ಕರೆ, ಗೋದಿ ಬಿದ್ದ ಮೇಲೆ ಜಾಡಿಯನ್ನು ಮತ್ತೆ ಮೇಲಿಟ್ಟೆವು. ಬಾಡೂ ಇಲ್ಲ, ಹಬ್ಬದ ಮಾರನೆಯ ದಿನ ಸೊಪ್ಪಿನ ಸಾರು ಉಂಡೆವು.

ದೊರೆಸಾನಿ ಪೀಡಿಸಿದರೂ ಸುಮ್ಮನೆ ಹೂಂ ಅನ್ನದವಳು ಇವತ್ತು ಒಡಹುಟ್ಟಿದವನಿಗೆ ಸುಳ್ಳು ಹೇಳಿದಳು. ನಾನು ಪ್ರತಿಜ್ಞೆಗೆ ಚಾಚಿದ ಕೈಯಿಂದಲೇ ದ್ರಾಕ್ಷಿ ಕಿವುಚಿದೆ. ಅದೂ ವರ್ಷತೊಡಕಿನ ದಿನ. ಇನ್ನು ವರ್ಷವೆಲ್ಲ ಈ ಮನೆಯಲ್ಲಿ ಇದೇ ನಡೆಯುತ್ತದೆ ಅನ್ನುತ್ತಾರೆ. ನಾನು ಅಂಥದ್ದನ್ನೆಲ್ಲ ನಂಬುವುದಿಲ್ಲ, ಆದರೆ ನಡುವಿನ ಹಲಗೆಯೂ ಖಾಲಿ ಇದೆ, ದ್ರಾಕ್ಷಿ ಕಾಲ ಇನ್ನೂ ಮುಗಿದಿಲ್ಲ.

30-3-1971, ಮಂಗಳವಾರ

ಅಕ್ಕ ಏಳುವುದಕ್ಕೆ ಮುಂಚೆ ಸ್ಟೂಲು ಹತ್ತಿ ಕಿವಿಯಿಟ್ಟು ನೋಡಿದೆ. ಕೆಲಸ ಮಾಡುತ್ತಿದೆ. ಯಾರು ಸುಳ್ಳು ಎಂದವರು? ಬೇಕಾದರೆ ಆಂಜಿನಪ್ಪ ಈಗ ಬಂದು ಕೇಳಲಿ.